ದೂರದರ್ಶನದ ಅಂಕಪದ್ಧತಿ: ಚಿಕ್ಕಬಾಣಾವರದ ಎಲ್ಲೆಯಲ್ಲಿ ನಡೆದ ಒಂದು ಮಾರ್ಪಾಡು

ಬೆಂಗಳೂರಿನಿಂದ ತುಮಕೂರು ಅರಸೀಕೆರೆಗಳ ಕಡೆಗೆ ಹೋಗುವ ರೈಲುದಾರಿಯಲ್ಲಿ ಯಶವಂತಪುರವು ಹಿಂದಾದ ಬಳಿಕ ಚಿಕ್ಕಬಾಣಾವರವೆಂಬ ನಿಲ್ದಾಣವು ಸಿಕ್ಕುವುದು. ಇದು ಬೆಂಗಳೂರು ಉತ್ತರ ತಾಲ್ಲೂಕಿಗೆ ಸೇರಿದ ಊರು. ಇದೇ ದಾರಿಯಲ್ಲಿ ಅರಸೀಕೆರೆಯನ್ನು ದಾಟಿದ ಮೇಲೆ ಬರುವ ಹಾಸನ ಜಿಲ್ಲೆಯ ಬಾಣಾವರವು ಬೇರೆ. ಊರಿನ ಮಗ್ಗುಲಲ್ಲಿ ಕೆರೆ, ದಕ್ಷಿಣದ ಕಡೆಗೆ ಪೀಣ್ಯದ ಕಾರ್ಖಾನೆಗಳು, ಆಗ್ನೇಯಕ್ಕೆ ಜಾಲಹಳ್ಳಿ, ಉತ್ತರದ ಕಡೆಗೆ ಹೆಸರಘಟ್ಟ. ೨೦೦೭ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಏರ್ಪಟ್ಟಾಗ ಪಕ್ಕದ ದಾಸರಹಳ್ಳಿಯ ನಗರಸಭೆಯು ಅದರೊಳಗೆ ಸೇರಿಹೋಯಿತು. ಚಿಕ್ಕಬಾಣಾವರವು ಹೊರಗೆ ಉಳಿದು ಗ್ರಾಮ ಪಂಚಾಯಿತಿಯ ಆಡಳಿತದಲ್ಲಿಯೇ ಮುಂದುವರಿದು, ಅನೇಕ ವರ್ಷಗಳು ಕಳೆದ ಮೇಲೆ ಪುರಸಭೆಯಾಯಿತು. ಹೀಗೆ ನೋಟಕ್ಕೆ ಪಟ್ಟಣವೂ ಕಾಗದದಲ್ಲಿ ಹಳ್ಳಿಯೂ ಆಗಿದ್ದ ಈ ಊರು, ದೂರದರ್ಶನವು ಹಳೆಯ ಪದ್ಧತಿಯನ್ನು ಬಿಟ್ಟು ಹೊಸ ಪದ್ಧತಿಯನ್ನು ಹಿಡಿದ ಕಥೆಯನ್ನು ತಿಳಿಯುವುದಕ್ಕೆ ತಕ್ಕ ನೆಲೆಯಾಗಿದೆ. ಆ ಮಾರ್ಪಾಡಿನ ಕಾಲಕ್ರಮವನ್ನು ಸರ್ಕಾರವು ಊರುಗಳ ಆಡಳಿತದ ದರ್ಜೆಯನ್ನು ನೋಡಿ ಗೊತ್ತುಮಾಡಿತು. ತಂತಿಗಳಾದರೋ ದರ್ಜೆಯನ್ನು ನೋಡಿ ಹರಿದುಬಂದವಲ್ಲ.

ಮೊದಲು ಶಬ್ದಗಳ ವಿಚಾರವನ್ನು ಮುಗಿಸಿಕೊಳ್ಳುವುದು ಮೇಲು. ಹಳೆಯ ಪದ್ಧತಿಗೆ ಅನಲಾಗ್ ಎಂದೂ ಹೊಸದಕ್ಕೆ ಡಿಜಿಟಲ್ ಎಂದೂ ಹೆಸರು. ಮೊದಲನೆಯದು ಪ್ರಮಾಣಸಾಮ್ಯವೆಂಬ ಅರ್ಥವುಳ್ಳ ಗ್ರೀಕ್ ಶಬ್ದದಿಂದ ಬಂದುದು; ಎರಡನೆಯದು ಬೆರಳೆಂಬ ಅರ್ಥವುಳ್ಳ ಲ್ಯಾಟಿನ್ ಶಬ್ದದಿಂದ, ಬೆರಳನ್ನು ಮಡಿಸಿ ಎಣಿಸುವ ಬಳಕೆಯ ಮೂಲಕ, ಅಂಕೆಗೆ ಸಂದುದು. ಕನ್ನಡದಲ್ಲಿ ಇವಕ್ಕೆ ಸಾದೃಶ್ಯ, ಸದೃಶ, ಅನುರೂಪ ಎಂದೂ, ಅಂಕೀಯ, ಅಂಕಾತ್ಮಕ ಎಂದೂ ಬೇರೆಬೇರೆ ಪ್ರತಿಪದಗಳು ಸಂದರ್ಭಕ್ಕೆ ತಕ್ಕಂತೆ ಬಳಕೆಯಾಗಿವೆ. ಸಾದೃಶ್ಯವೆಂಬುದು ಅಲಂಕಾರಶಾಸ್ತ್ರದಲ್ಲಿ ಉಪಮೆಗೆ ಜೀವವಾದ ಮಾತು. ಅದನ್ನು ಇಲ್ಲಿ ತಂದರೆ ವಾಚಕರಿಗೆ ಗೊಂದಲವಾಗಬಹುದಾದ ಕಾರಣ ಅನುರೂಪಪದ್ಧತಿ, ಅಂಕಪದ್ಧತಿ ಎಂಬ ಮಾತುಗಳನ್ನೇ ಇಲ್ಲಿ ಇರಿಸಿಕೊಂಡಿದೆ. ಜನರ ಬಾಯಲ್ಲಿ ಮಾತ್ರ ಇವಾವುವೂ ನಿಂತಿಲ್ಲ. ಅವರಿಗೆ ಈ ಮಾರ್ಪಾಡೆಲ್ಲವೂ ಸೆಟ್ ಟಾಪ್ ಬಾಕ್ಸ್ ಎಂಬ ಒಂದು ಪೆಟ್ಟಿಗೆಯಲ್ಲಿ ಅಡಕವಾಯಿತು. ‘ಆಕಾಶವಾಣಿ’ಯಂತಹ ಹೆಸರು ಎಲ್ಲ ಯಂತ್ರಗಳಿಗೂ ದೊರೆಯುವುದಿಲ್ಲ. ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ತೊಡಗಿದ ಪ್ರಸಾರಕ್ಕೆ ಸಂದ ಆ ಹೆಸರನ್ನು ಮುಂದೆ ದೇಶದ ಪ್ರಸಾರಸಂಸ್ಥೆಯೇ ಅಂಗೀಕರಿಸಿತು. ‘ದೂರದರ್ಶನ’ವೆಂಬುದೂ ಒಳ್ಳೆಯ ಮಾತೇ, ಆದರೆ ಅದು ಯಂತ್ರಕ್ಕೂ ಹೆಸರು, ಸಂಸ್ಥೆಗೂ ಹೆಸರು ಆದುದರಿಂದ ಎಲ್ಲಿ ಯಾವುದೆಂಬುದನ್ನು ಸಂದರ್ಭದಿಂದಲೇ ತಿಳಿಯಬೇಕಾಗುವುದು.

ಕರ್ಣಾಟಕದಲ್ಲಿ ದೂರದರ್ಶನವು ಕಾಲಿಟ್ಟುದು ರಾಜಧಾನಿಯಲ್ಲಿ ಅಲ್ಲವೆಂಬ ಸಂಗತಿಯನ್ನು ಅನೇಕರು ಮರೆತಿರುವರು. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಚಿತ್ರವನ್ನು ಮುಟ್ಟಿಸಿದ ಪ್ರಯೋಗವು ನಡೆಯಿತಷ್ಟೆ. ಅದರಲ್ಲಿ ಕರ್ಣಾಟಕದ ಪಾಲಿಗೆ ಬಂದುದು ಗುಲ್ಬರ್ಗಾ, ಬಿಜಾಪುರ, ರಾಯಚೂರು ಸೀಮೆಯ ಹಳ್ಳಿಗಳು. ತಂತಿಬಲೆಯಿಂದ ಕಟ್ಟಿದ, ಆಳಿಗಿಂತ ಎತ್ತರವಾದ ಬೋಗುಣಿಯ ಮೂಲಕ ಆ ಹಳ್ಳಿಗರು ಚಿತ್ರವನ್ನು ನೇರವಾಗಿ ಉಪಗ್ರಹದಿಂದಲೇ ಪಡೆದರು. ಪ್ರಯೋಗವು ಮುಗಿದ ಮೇಲೆ, ೧೯೭೭ರಲ್ಲಿ, ಗುಲ್ಬರ್ಗಾದಲ್ಲಿ ಒಂದು ಪ್ರಸಾರಯಂತ್ರವು ಸ್ಥಾಪಿತವಾಯಿತು. ಬೆಂಗಳೂರಿನ ಸರದಿ ಬಂದುದು ೧೯೮೧ರ ನವೆಂಬರ್ ೧ರಂದು, ರಾಜ್ಯೋತ್ಸವದ ದಿನ. ಜಯಚಾಮರಾಜೇಂದ್ರನಗರದಲ್ಲಿ ಗೋಪುರವು ಎದ್ದಿತು. ಅದರ ವಾಯವ್ಯದಲ್ಲಿರುವ ಚಿಕ್ಕಬಾಣಾವರದಂತಹ ಊರುಗಳಲ್ಲಿ, ಸಾಲುಗೂಡಿದ ಅಲ್ಯುಮಿನಿಯಮ್ ಕೊಳವೆಗಳ ಆಂಟೆನಾಗಳು ಆಗ್ನೇಯಕ್ಕೆ ಮುಖಮಾಡಿ ನಿಲ್ಲಬೇಕಾಯಿತು. ಇಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಬಹುದು. ದೂರದರ್ಶನಕ್ಕೆ ಬೇಕಾದ ಕಪ್ಪುಬಿಳುಪಿನ ಚಿತ್ರನಾಳಗಳನ್ನು ೧೯೭೦ರಿಂದಲೂ ಪ್ರಸಾರಯಂತ್ರಗಳನ್ನು ೧೯೭೨ರಿಂದಲೂ ತಯಾರಿಸುತ್ತಿದ್ದುದು ಜಾಲಹಳ್ಳಿಯಲ್ಲಿ ಬೇರೂರಿದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ. ದೇಶದ ದೂರದರ್ಶನವನ್ನು ಕಟ್ಟಿದ ಆ ಕೆಲಸವು ಚಿಕ್ಕಬಾಣಾವರದವರಿಗೆ ನೆರೆಯೂರಿನ ಕಸುಬು. ಅವರ ಊರಿಗೆ ಚಿತ್ರವು ಬಂದುದು ಮಾತ್ರ ಹತ್ತು ವರ್ಷಗಳಷ್ಟು ತಡವಾಗಿ.

ಇನ್ನು ಎರಡು ಪದ್ಧತಿಗಳ ಭೇದವನ್ನು ವಿವರಿಸಬೇಕು. ಅನುರೂಪಪದ್ಧತಿಯಲ್ಲಿ ಕ್ಯಾಮರವು ಎದುರಿನ ದೃಶ್ಯವನ್ನು ೬೨೫ ಗೆರೆಗಳಾಗಿ ಸೀಳಿ, ಒಂದೊಂದು ಗೆರೆಯ ಮೇಲೂ ಬೆಳಕು ಎಲ್ಲಿ ಹೆಚ್ಚು ಎಲ್ಲಿ ಕಡಮೆ ಎಂಬುದನ್ನು ವಿದ್ಯುತ್ತಿನ ಏರಿಳಿತವನ್ನಾಗಿ ಮಾರ್ಪಡಿಸುವುದು. ಇಂತಹ ಚಿತ್ರಗಳು ಸೆಕೆಂಡಿಗೆ ೨೫. ಬೆಳಕು ಏರಿದಂತೆ ವಿದ್ಯುತ್ತೂ ಅದಕ್ಕನುರೂಪವಾಗಿ ಬದಲಾಗುವುದು; ನಡುವೆ ಮೆಟ್ಟಿಲುಗಳಿಲ್ಲ. ವೀಣೆಯಲ್ಲಿ ಗಮಕದಿಂದ ಒಂದು ಸ್ವರವು ಇನ್ನೊಂದಕ್ಕೆ ಜಾರುವಂತೆ ಇದು ಅಖಂಡವಾದುದು. ಅಖಂಡವಾದುದರಿಂದಲೇ ದಾರಿಯಲ್ಲಿ ಸೇರಿದ ಕಶ್ಮಲವನ್ನು ಬೇರ್ಪಡಿಸಲಾಗದು. ದೂರ ಹೆಚ್ಚಿದಂತೆಲ್ಲ ಪರದೆಯ ಮೇಲೆ ಹಿಮ ಉದುರಿದಂತೆ ಚುಕ್ಕೆಗಳು ತುಂಬುವುವು. ಎದುರಿನ ಕಟ್ಟಡಕ್ಕೆ ತಾಗಿ ತಡವಾಗಿ ಬಂದ ಅಲೆಯು ಅಸಲು ಚಿತ್ರದ ಪಕ್ಕದಲ್ಲಿ ಒಂದು ನೆರಳುಚಿತ್ರವನ್ನು ಮೂಡಿಸುವುದು. ಒಬ್ಬನು ಮಾಳಿಗೆಯನ್ನೇರಿ ಆಂಟೆನಾವನ್ನು ತಿರುಗಿಸುತ್ತ ‘ಬಂತೇ, ಬಂತೇ’ ಎಂದು ಕೂಗುವುದೂ, ಒಳಗಿನವರು ‘ಇನ್ನೂ ಸ್ವಲ್ಪ’ ಎನ್ನುವುದೂ ಮಧ್ಯವಯಸ್ಸು ದಾಟಿದ ಕನ್ನಡಿಗರಲ್ಲಿ ಹೆಚ್ಚಿನವರ ನೆನಪಿನಲ್ಲಿ ಇರುವುದು.

ಅಂಕಪದ್ಧತಿಯ ವಿಷಯದಲ್ಲಿ ಸಾಹಿತ್ಯದ ಅಧ್ಯಾಪಕರಿಗೆ ಒಂದು ಅನುಕೂಲವುಂಟು. ಅದರ ಮೂಲತತ್ತ್ವವು ಛಂದಸ್ಸಿನಲ್ಲಿ ಅವರು ದಿನವೂ ಬಳಸುವ ತತ್ತ್ವವೇ ಆಗಿದೆ. ಪದ್ಯವನ್ನು ಎಷ್ಟು ರಾಗವಾಗಿ ಓದಿದರೂ ಪ್ರಸ್ತಾರ ಹಾಕುವಾಗ ಉಳಿಯುವುದು ಎರಡೇ ಗುರುತುಗಳು: ಗುರು, ಲಘು. ಮೂರು ಅಕ್ಷರಗಳನ್ನು ಗುರುಲಘುಗಳಿಂದ ಜೋಡಿಸುವ ಬಗೆಗಳು ಎಂಟೇ ಆದುದರಿಂದ ಅಕ್ಷರಗಣಗಳು ಎಂಟು. ಎಂಟು ಅಕ್ಷರಗಳ ಪಾದವಾದರೆ ಪ್ರಸ್ತಾರದ ಸಾಲುಗಳು ೨೫೬. ಪಿಂಗಳನ ಸೂತ್ರಗಳಲ್ಲಿ ಬೀಜವಾಗಿದ್ದು ಛಂದಃಶಾಸ್ತ್ರಕಾರರಲ್ಲಿ ಪರಂಪರೆಯಾಗಿ ಬಂದ ಗಣಿತವಿದು. ದೂರದರ್ಶನದ ಅಂಕಪದ್ಧತಿಯಲ್ಲಿಯೂ ಚಿತ್ರದ ಒಂದೊಂದು ಬಿಂದುವಿನ ಬೆಳಕನ್ನು ಎಂಟು ಗುರುತುಗಳ ಒಂದು ಸಾಲಾಗಿ ಬರೆಯುವರು. ಗುರುತುಗಳು ಸೊನ್ನೆ ಮತ್ತು ಒಂದು ಎಂಬ ಎರಡೇ. ಆದಕಾರಣ ಕಪ್ಪಿನಿಂದ ಬಿಳುಪಿನವರೆಗಿನ ಛಾಯೆಗಳು ೨೫೬ಕ್ಕಿಂತ ಹೆಚ್ಚಾಗಲಾರವು. ಅನುಷ್ಟುಭದ ಒಂದು ಪಾದವು ಒಂದು ಬಿಂದುವಿಗೆ ಸಮನೆಂದು ತಿಳಿದರೆ ಸಾಕು. ಗೆರೆಯೊಂದಕ್ಕೆ ೭೨೦ ಬಿಂದುಗಳು, ಕಣ್ಣಿಗೆ ಕಾಣುವ ಗೆರೆಗಳು ೫೭೬, ಸೆಕೆಂಡಿಗೆ ೨೫ ಚಿತ್ರಗಳು. ಬಣ್ಣದ ವಿವರಕ್ಕೆ ಮತ್ತೆ ಅಷ್ಟೇ ಪ್ರಮಾಣವನ್ನು ಸೇರಿಸಿದರೆ ಸೆಕೆಂಡಿಗೆ ಸುಮಾರು ೧೬ ಕೋಟಿ ೫೯ ಲಕ್ಷ ಗುರುತುಗಳಾಗುವುವು.

ಇಷ್ಟು ದೊಡ್ಡ ಮೊತ್ತವನ್ನು ಇದ್ದಂತೆಯೇ ಸಾಗಿಸುವುದು ಹಳೆಯ ಪದ್ಧತಿಗಿಂತ ದುಬಾರಿಯಾದೀತು. ಆದುದರಿಂದ ಅದನ್ನು ಸಂಕ್ಷೇಪಿಸುವರು. ಕೀರ್ತನೆಯ ಕೈಬರಹಗಳಲ್ಲಿ ಪಲ್ಲವಿಯನ್ನು ಒಮ್ಮೆ ಬರೆದು, ಆಮೇಲೆ ಚರಣಚರಣಕ್ಕೂ ‘ಪ’ ಎಂದು ಮಾತ್ರ ಗುರುತಿಟ್ಟು ಬಿಡುವುದುಂಟಷ್ಟೆ. ವಾರ್ತೆಯನ್ನು ಓದುವವರ ತುಟಿ ಕಣ್ಣುಗಳು ಚಲಿಸುತ್ತಿದ್ದರೂ ಬೆನ್ನ ಹಿಂದಿನ ಗೋಡೆಯು ಒಂದೇ ತೆರನಾಗಿರುವುದು. ಆ ಗೋಡೆಯನ್ನು ಸೆಕೆಂಡಿಗೆ ೨೫ ಸಲ ಬರೆದು ಕಳುಹಿಸುವ ಅಗತ್ಯವಿಲ್ಲ, ‘ಹಿಂದಿನಂತೆಯೇ’ ಎಂದರೆ ಸಾಕು. ಈ ಉಪಾಯದಿಂದ ೧೬ ಕೋಟಿಯು ಮೂವತ್ತು ನಾಲ್ವತ್ತು ಲಕ್ಷಕ್ಕೆ ಇಳಿಯುವುದು. ಕೇಬಲ್ ತಂತಿಯಲ್ಲಿ ಹಿಂದೆ ಒಂದೇ ವಾಹಿನಿಗೆ ಸಲ್ಲುತ್ತಿದ್ದ ಜಾಗದಲ್ಲಿ ಸೆಕೆಂಡಿಗೆ ಸುಮಾರು ೩ ಕೋಟಿ ೮೦ ಲಕ್ಷ ಗುರುತುಗಳನ್ನು ಸಾಗಿಸಬಹುದು. ಭಾಗಿಸಿ ನೋಡಿದರೆ, ಒಂದು ಇದ್ದಲ್ಲಿ ಹತ್ತು ವಾಹಿನಿಗಳು ಸಲೀಸಾಗಿ ಹಿಡಿಸುವುವು. ಕನ್ನಡದ ವಾಹಿನಿಗಳ ಸಂಖ್ಯೆ ಹೆಚ್ಚುವುದಕ್ಕೆ ಬೇರೆ ಕಾರಣಗಳೂ ಇದ್ದುವು. ಜಾಗವು ದೊರೆತುದೂ ಒಂದು ಕಾರಣವೆಂಬುದರಲ್ಲಿ ಸಂದೇಹವಿಲ್ಲ.

ಸಂಕ್ಷೇಪಕ್ಕಿಂತಲೂ ಮುಖ್ಯವಾದುದು ತಪ್ಪು ತಿದ್ದುವ ಏರ್ಪಾಡು. ಓಲೆಗರಿಯಲ್ಲಿ ಒಂದು ಅಕ್ಷರವನ್ನು ಹುಳು ತಿಂದಿದ್ದರೂ ಸಂಪಾದಕನು ಅನೇಕ ವೇಳೆ ಅದನ್ನು ತುಂಬಬಲ್ಲನು. ವೃತ್ತದ ಗಣಗಳು ಅಲ್ಲಿ ಗುರುವೇ ಬರಬೇಕೆಂದು ಹೇಳುವುವು. ದ್ವಿತೀಯಾಕ್ಷರಪ್ರಾಸವು ಅಲ್ಲಿ ಇಂತಹ ವ್ಯಂಜನವೇ ಇರಬೇಕೆಂದು ಹೇಳುವುದು. ಎಂದರೆ ಛಂದಸ್ಸೂ ಪ್ರಾಸವೂ ಅರ್ಥಕ್ಕೆ ಅವಶ್ಯವಾದುದಕ್ಕಿಂತ ಹೆಚ್ಚಿನ ಒಂದು ಕಟ್ಟನ್ನು ಪದ್ಯಕ್ಕೆ ಹಾಕಿರುವುವು. ಆ ಹೆಚ್ಚಳವೇ ನಷ್ಟವನ್ನು ತುಂಬಿಕೊಡುವುದು. ಗದ್ಯದ ಓಲೆಯಲ್ಲಿ ಈ ಸಹಾಯವು ಅಷ್ಟಾಗಿ ಇರದು. ಅಂಕಪದ್ಧತಿಯಲ್ಲಿಯೂ ಕಳುಹಿಸುವ ಗುರುತುಗಳ ಜೊತೆಗೆ ಗಣಿತದ ನಿಯಮದಿಂದ ಹುಟ್ಟಿಸಿದ ಕೆಲವು ಹೆಚ್ಚಿನ ಗುರುತುಗಳನ್ನು ಬೆರೆಸಿರುವರು. ಪಡೆಯುವ ಪೆಟ್ಟಿಗೆಯು ನಿಯಮವನ್ನು ಒಡ್ಡಿ ನೋಡಿ, ಎಲ್ಲಿ ತಪ್ಪಿದೆಯೆಂಬುದನ್ನು ಕಂಡುಹಿಡಿದು ತಿದ್ದಿಕೊಳ್ಳುವುದು. ಹೀಗಾಗಿ ದಾರಿಯಲ್ಲಿ ಕಶ್ಮಲವು ಸೇರಿದ್ದರೂ ಚಿತ್ರವು ಹೊರಟಾಗ ಇದ್ದಷ್ಟೇ ಶುದ್ಧವಾಗಿ ಮೂಡುವುದು. ಆದರೆ ಇದಕ್ಕೊಂದು ಮಿತಿಯುಂಟು. ಪಾದದಲ್ಲಿ ಒಂದೆರಡು ಅಕ್ಷರಗಳು ಹೋದರೆ ತುಂಬಬಹುದು. ಪಾದವೇ ಹೋದರೆ ಸಂಪಾದಕನು ಚುಕ್ಕೆಗಳನ್ನಿಟ್ಟು ಸುಮ್ಮನಾಗಬೇಕು. ಪೆಟ್ಟಿಗೆಯೂ ಹಾಗೆಯೇ. ಮಿತಿಯನ್ನು ಮೀರಿದೊಡನೆ ಚಿತ್ರವು ಚೌಕಚೌಕವಾಗಿ ಒಡೆದು, ಸ್ತಬ್ಧವಾಗಿ, ಆಮೇಲೆ ಇಲ್ಲವೇ ಆಗುವುದು. ಹಳೆಯ ಪದ್ಧತಿಯು ಇಳಿಜಾರು. ಹೊಸದು ಕಡಿದಾದ ದಿಬ್ಬ.

ಈ ಭೇದವು ಚಿಕ್ಕಬಾಣಾವರದಂತಹ ಅಂಚಿನ ಊರಿಗೆ ಹೇಗೆ ಅನ್ವಯಿಸುವುದೆಂಬುದನ್ನು ನೋಡಬಹುದು. ಕೇಬಲ್‌ನವರು ವಿದ್ಯುತ್ಕಂಬದಿಂದ ಕಂಬಕ್ಕೆ ಎಳೆದ ತಂತಿಯಲ್ಲಿ ಸಂಕೇತವು ಕುಗ್ಗುತ್ತ ಹೋಗುವುದರಿಂದ ಅಲ್ಲಲ್ಲಿ ವರ್ಧಕಯಂತ್ರಗಳನ್ನು ಕಟ್ಟುವರು. ಅನುರೂಪಪದ್ಧತಿಯಲ್ಲಿ ವರ್ಧಕವು ಚಿತ್ರದೊಡನೆ ಕಶ್ಮಲವನ್ನೂ ವರ್ಧಿಸುವುದು. ಪ್ರತಿಯಿಂದ ಪ್ರತಿಗೆ ನಕಲಾಗುತ್ತ ಬಂದ ಗ್ರಂಥದಲ್ಲಿ ಹಿಂದಿನ ಲಿಪಿಕಾರನ ತಪ್ಪು ಮುಂದಿನವನ ಪಾಠವಾಗುವಂತೆ. ಆದಕಾರಣ ನಿಯಂತ್ರಣಕೊಠಡಿಯ ಪಕ್ಕದ ಮನೆಗೆ ನಿರ್ಮಲವಾದ ಚಿತ್ರವೂ, ಸಾಲಿನ ಕೊನೆಯ ಮನೆಗೆ ಮಸುಕಾದ ಚಿತ್ರವೂ ಒಂದೇ ಬೆಲೆಗೆ ದೊರೆಯುತ್ತಿದ್ದುವು. ಅಂಕಪದ್ಧತಿಯಲ್ಲಿ ಕೊನೆಯ ಮನೆಯವನೂ ಮೊದಲನೆಯ ಮನೆಯವನಿಗೆ ಸಮಾನನಾದನು. ಸಂಕೇತವು ಮಿತಿಯೊಳಗೆ ಇದ್ದರೆ ಮಾತ್ರ. ಇಲ್ಲವಾದರೆ ಮಸುಕು ಚಿತ್ರಕ್ಕೂ ಅವನು ಎರವಾದನು.

ಇನ್ನು ಕಾಯಿದೆಯ ಭಾಗ. ೧೯೯೧ರ ಸುಮಾರಿಗೆ ಉಪಗ್ರಹವಾಹಿನಿಗಳು ಬಂದೊಡನೆ ಬೀದಿಬೀದಿಗೆ ಹುಟ್ಟಿಕೊಂಡ ಕೇಬಲ್ ವ್ಯಾಪಾರವನ್ನು ೧೯೯೫ರ ಶಾಸನವು ಒಂದು ಕ್ರಮಕ್ಕೆ ತಂದಿತ್ತು. ೨೦೦೩ರಲ್ಲಿ ಚೆನ್ನೈಯಲ್ಲಿಯೂ ಆಮೇಲೆ ಉಳಿದ ಮೂರು ಮಹಾನಗರಗಳ ಕೆಲವು ಭಾಗಗಳಲ್ಲಿಯೂ ಪೆಟ್ಟಿಗೆಯನ್ನು ಕಡ್ಡಾಯಮಾಡುವ ಯತ್ನಗಳು ನಡೆದುವು. ೨೦೧೧ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಹೊರಟು, ಡಿಸೆಂಬರಿನಲ್ಲಿ ತಿದ್ದುಪಡಿಯ ಕಾಯಿದೆ ಅಂಗೀಕೃತವಾಯಿತು. ಅದರಂತೆ ದೇಶವನ್ನು ನಾಲ್ಕು ಘಟ್ಟಗಳಾಗಿ ವಿಂಗಡಿಸಲಾಯಿತು. ಮೊದಲ ಘಟ್ಟಕ್ಕೆ ಸೇರಿದ ನಾಲ್ಕು ಮಹಾನಗರಗಳಿಗೆ ೨೦೧೨ರ ಅಕ್ಟೋಬರ್ ೩೧ ಕೊನೆಯ ದಿನವಾಯಿತು. ಎರಡನೆಯ ಘಟ್ಟದ ೩೮ ನಗರಗಳಲ್ಲಿ ಬೆಂಗಳೂರೂ ಮೈಸೂರೂ ಇದ್ದುವು. ಅವಕ್ಕೆ ಗೊತ್ತಾದ ದಿನ ೨೦೧೩ರ ಮಾರ್ಚ್ ೩೧. ಉಳಿದ ನಗರಸಭೆ ಪುರಸಭೆಗಳ ಪ್ರದೇಶಗಳು ಮೂರನೆಯ ಘಟ್ಟ. ಅವುಗಳ ಗಡುವು ೨೦೧೫ರ ಡಿಸೆಂಬರ್ ೩೧ಕ್ಕೆ ಮುಂದೆ ಹೋಗಿ, ನ್ಯಾಯಾಲಯಗಳ ತಡೆಯಾಜ್ಞೆಗಳ ದೆಸೆಯಿಂದ ೨೦೧೭ರ ಜನವರಿಯವರೆಗೂ ಎಳೆಯಿತು. ಮಿಕ್ಕ ಭಾರತವೆಲ್ಲವೂ ನಾಲ್ಕನೆಯ ಘಟ್ಟ. ಅದಕ್ಕೆ ಕಡೆಗೆ ನಿಂತ ದಿನ ೨೦೧೭ರ ಮಾರ್ಚ್ ೩೧.

ಪ್ರಕಟಣೆಯ ಅಕ್ಷರವನ್ನೇ ಹಿಡಿದು ಹೋದರೆ ಫಲವು ವಿಚಿತ್ರವಾಗಿದೆ. ದಾಸರಹಳ್ಳಿಯು ಪಾಲಿಕೆಯ ಒಳಗೆ ಇದ್ದುದರಿಂದ ೨೦೧೩ರಲ್ಲಿಯೇ ಹಳೆಯ ಪದ್ಧತಿಯನ್ನು ಬಿಡಬೇಕು. ಅದಕ್ಕೆ ಅಂಟಿಕೊಂಡಿರುವ ಚಿಕ್ಕಬಾಣಾವರವು ಪಂಚಾಯಿತಿಯಾದುದರಿಂದ ‘ಮಿಕ್ಕ ಭಾರತ’ಕ್ಕೆ ಸೇರಿ, ಹಿಮಾಲಯದ ಹಳ್ಳಿಗಳ ಜೊತೆಯಲ್ಲಿ ೨೦೧೭ರವರೆಗೆ ಕಾಲಾವಕಾಶವನ್ನು ಪಡೆಯುವುದು. ನಡುವೆ ನಾಲ್ಕು ವರ್ಷ. ಪೀಣ್ಯದ ಒಂದೇ ಕಾರ್ಖಾನೆಗೆ ಒಂದೇ ಪಾಳಿಯಲ್ಲಿ ಹೋಗಿಬರುವ ಇಬ್ಬರಲ್ಲಿ ಒಬ್ಬನಿಗೆ ಪೆಟ್ಟಿಗೆ ಕಡ್ಡಾಯ, ಇನ್ನೊಬ್ಬನಿಗೆ ಅಲ್ಲ. ಭೇದಕ್ಕೆ ಕಾರಣ ಅವರ ಮನೆಯ ಕಂದಾಯದ ರಸೀತಿಯ ಮೇಲಿನ ಮೊಹರು. ಈ ತೆರನಾದ ಎಲ್ಲೆಯು ಶಾಸನಕರ್ತರ ಕೋಣೆಯಲ್ಲಿ ಅನಿವಾರ್ಯವಿರಬಹುದು. ಎಲ್ಲಿಯಾದರೂ ಗೆರೆ ಎಳೆಯಲೇ ಬೇಕಷ್ಟೆ. ಆದರೆ ಬೆಂಗಳೂರಿನ ಹೊರವಲಯದಲ್ಲಿ ಊರು ಬೆಳೆಯುವ ವೇಗವನ್ನು ನೋಡಿದವರು ೨೦೧೧ರಲ್ಲಿಯೇ ಆ ಗೆರೆಯು ಹಳೆಯದಾಗಿತ್ತೆಂದು ಹೇಳದೆ ಇರಲಾರರು. ಕಡೆಯ ಗಡುವು ಬಂದ ೨೦೧೭ರ ಮಾರ್ಚ್ ತಿಂಗಳಿನಲ್ಲಿಯೇ ಚಿಕ್ಕಬಾಣಾವರದಿಂದ ಕವಲೊಡೆದು ನೆಲಮಂಗಲ, ಕುಣಿಗಲ್, ಶ್ರವಣಬೆಳಗೊಳಗಳ ಮೇಲೆ ಹಾಸನಕ್ಕೆ ಹೋಗುವ ರೈಲುದಾರಿಯೂ ಪೂರ್ಣವಾಗಿ ತೆರೆಯಿತೆಂಬುದು ಪ್ರಸಂಗವಶಾತ್ ಸ್ಮರಣೀಯ.

ಸರ್ಕಾರಕ್ಕೆ ಇಷ್ಟು ಆತುರವೇತಕ್ಕೆ? ಚಿತ್ರದ ಶುದ್ಧಿಯೊಂದೇ ಕಾರಣವಲ್ಲ. ಅನುರೂಪಪದ್ಧತಿಯ ತಂತಿಗೆ ಎಣಿಕೆ ತಿಳಿಯದು. ಒಂದು ಬೀದಿಯಲ್ಲಿ ಎಷ್ಟು ಮನೆಗಳು ಕವಲು ತೆಗೆದುಕೊಂಡಿವೆ ಎಂಬುದು ಆ ಬೀದಿಯ ಕೇಬಲ್‌ನವನಿಗೆ ಮಾತ್ರ ಗೊತ್ತು. ಅವನು ನೂರು ಮನೆಗಳಿಂದ ಹಣ ಪಡೆದು ಇಪ್ಪತ್ತು ಮನೆಗಳ ಲೆಕ್ಕವನ್ನು ಒಪ್ಪಿಸಿದರೂ ವಾಹಿನಿಯವರಾಗಲಿ ತೆರಿಗೆಯ ಅಧಿಕಾರಿಗಳಾಗಲಿ ಕಂಡುಹಿಡಿಯುವ ಬಗೆ ಇರಲಿಲ್ಲ. ಮನೆಗಳ ಲೆಕ್ಕದಿಂದ ಹಣವು ಬಾರದಿದ್ದುದರಿಂದ ವಾಹಿನಿಗಳು ಜಾಹೀರಾತನ್ನೇ ನೆಚ್ಚಬೇಕಾಯಿತು. ತಂತಿಯಲ್ಲಿ ಜಾಗವು ಕಡಮೆಯಿದ್ದುದರಿಂದ ಅಲ್ಲಿ ಸ್ಥಳವನ್ನು ಪಡೆಯಲು ತಾವೇ ಎದುರು ಹಣವನ್ನು ತೆರಬೇಕಾಯಿತು. ಹೊಸ ಪದ್ಧತಿಯಲ್ಲಿ ಒಂದೊಂದು ಪೆಟ್ಟಿಗೆಗೂ ತನ್ನದೇ ಆದ ಸಂಖ್ಯೆಯಿದೆ. ಚಿತ್ರವನ್ನು ಗೂಢಲಿಪಿಯಲ್ಲಿ ಬರೆದು ಕಳುಹಿಸುವರು. ಬಿಡಿಸುವ ಕೀಲಿಯು ಹಣ ಕಟ್ಟಿದ ಪೆಟ್ಟಿಗೆಗೆ ಮಾತ್ರ ದೊರೆಯುವುದು. ತಿಂಗಳ ಹಣವು ಸಲ್ಲದಿದ್ದರೆ ಕಂಬ ಹತ್ತಿ ತಂತಿ ಕತ್ತರಿಸಬೇಕಾದ ಕಷ್ಟವಿಲ್ಲ. ಹಿಂದೆ ಹಬ್ಬದ ತಿಂಗಳಲ್ಲಿ ‘ಮುಂದಿನ ಸಲ ಸೇರಿಸಿ ಕೊಡುತ್ತೇವೆ’ ಎಂದರೆ ಕೇಬಲ್‌ನವನು ತಲೆಯಲ್ಲಾಡಿಸಿ ಹೋಗುತ್ತಿದ್ದನು. ಪೆಟ್ಟಿಗೆಗೆ ಅಂತಹ ದಾಕ್ಷಿಣ್ಯವಿಲ್ಲ. ಲೆಕ್ಕವು ಶುದ್ಧವಾಯಿತೆಂಬುದು ನಿಜ. ಶುದ್ಧವಾದ ಲೆಕ್ಕದ ಬೆಲೆಯನ್ನು ತೆತ್ತವರಾರೆಂಬುದನ್ನೂ ಅದರ ಜೊತೆಯಲ್ಲಿಯೇ ಬರೆದಿಡಬೇಕು.

೨೦೧೯ರ ಫೆಬ್ರವರಿ ೧ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಹೊಸ ದರಕ್ರಮವು ಜಾರಿಗೆ ಬಂದಿತು. ತಂತಿಯ ಬಾಡಿಗೆಯೆಂಬಂತೆ ೧೦೦ ವಾಹಿನಿಗಳವರೆಗೆ ತಿಂಗಳಿಗೆ ಹೆಚ್ಚೆಂದರೆ ೧೩೦ ರೂಪಾಯಿ, ಮೇಲೆ ತೆರಿಗೆ. ಹಣದ ವಾಹಿನಿಗಳಿಗೆ ಒಂದೊಂದರ ಬೆಲೆಯನ್ನು ಬೇರೆ ಕೊಡಬೇಕು. ೨೦೨೦ರಲ್ಲಿ ಅದೇ ೧೩೦ ರೂಪಾಯಿಗೆ ೨೦೦ ವಾಹಿನಿಗಳೆಂದು ತಿದ್ದುಪಡಿಯಾಯಿತು. ಇದರಿಂದ ಭಾಷೆಯ ದೃಷ್ಟಿಯಲ್ಲಿ ಒಂದು ಪರಿಣಾಮವಾಯಿತು. ಪೀಣ್ಯದ ಸುತ್ತಿನ ಬಿಡಾರಗಳಲ್ಲಿ ಕನ್ನಡಿಗರೊಡನೆ ತಮಿಳರು, ತೆಲುಗರು, ಉತ್ತರ ದೇಶದವರು ನೆರೆದಿರುವರು. ಹಳೆಯ ತಂತಿಯಲ್ಲಿ ಎಲ್ಲ ಭಾಷೆಗಳೂ ಎಲ್ಲರ ಮನೆಗೂ ಬರುತ್ತಿದ್ದುವು. ಮಗ್ಗದ ಕೆಲಸದ ಅಥವಾ ಲೇತಿನ ಕೆಲಸದ ಬಿಹಾರಿಯು ಬೇಡವೆಂದರೂ ಕನ್ನಡದ ವಾಹಿನಿಯನ್ನು ಹಾದುಹೋಗಬೇಕಿತ್ತು. ಹಾಗೆ ಹಾದುಹೋಗುತ್ತ ಕಿವಿಗೆ ಬಿದ್ದ ಕನ್ನಡದ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಆಯ್ಕೆಯ ಪಟ್ಟಿಯು ಬಂದ ಮೇಲೆ ಒಬ್ಬೊಬ್ಬನೂ ತನ್ನ ಭಾಷೆಯ ಕೋಣೆಯೊಳಗೆ ಬಾಗಿಲು ಹಾಕಿಕೊಳ್ಳುವುದು ಸುಲಭವಾಯಿತು. ಗಡಿಯ ಆಚೆಯ ಕನ್ನಡಿಗರಿಗೆ ಇದೇ ವಿಚಾರವು ತಿರುಗುಮುರುಗಾಗಿ ಒದಗುವುದು. ಕಾಸರಗೋಡು ೧೯೫೬ರಲ್ಲಿ ಕೇರಳಕ್ಕೆ ಸೇರಿದರೂ ಆಕಾಶದ ಅಲೆಗಳಿಗೆ ಆ ಗಡಿಯು ತಿಳಿಯದು. ಆಯ್ಕೆಯ ಪಟ್ಟಿಯಲ್ಲಾದರೋ ಅಲ್ಲಿಯ ಕನ್ನಡಿಗನು ತನ್ನ ಭಾಷೆಯನ್ನು ಗುರುತುಹಾಕಿ ಕೇಳಿ ಪಡೆಯಬೇಕು.

ಇದಕ್ಕೆ ಪ್ರತಿಯಾಗಿ ಒಂದು ಲಾಭವನ್ನೂ ಹೇಳಬೇಕು. ಅಂಕಪದ್ಧತಿಯಲ್ಲಿ ಒಂದೇ ಚಿತ್ರದೊಡನೆ ಹಲವು ಭಾಷೆಗಳ ಧ್ವನಿಯನ್ನು ಸಾಗಿಸುವುದು ಬಹಳ ಅಗ್ಗ. ಇದು ಕೇವಲ ಹೊಸತೇನೂ ಅಲ್ಲ. ೧೯೭೫ರ ಉಪಗ್ರಹವೂ ಒಂದು ಚಿತ್ರಕ್ಕೆ ಎರಡು ಧ್ವನಿಗಳನ್ನು ಕೂಡಿಸಿ ಕಳುಹಿಸಬಲ್ಲುದಾಗಿತ್ತು. ಕನ್ನಡಕ್ಕೆ ಅನ್ಯಭಾಷೆಯ ಚಿತ್ರಗಳನ್ನು ಧ್ವನಿಪರಿವರ್ತನೆ ಮಾಡುವುದನ್ನು ತಡೆಯುವ ಕಟ್ಟುಪಾಡು ದೀರ್ಘಕಾಲ ನಡೆದುಬಂದಿತ್ತು. ೨೦೧೫ರಲ್ಲಿ ಭಾರತದ ಸ್ಪರ್ಧಾ ಆಯೋಗವು ಅದರ ವಿರುದ್ಧ ತೀರ್ಪಿತ್ತಿತು. ಯಂತ್ರದ ಅನುಕೂಲವೂ ತೀರ್ಪೂ ಕೆಲವೇ ವರ್ಷಗಳ ಅಂತರದಲ್ಲಿ ಒದಗಿದುದರಿಂದ ಕ್ರೀಡೆಯ ವಿವರಣೆಯೂ ಕನ್ನಡದಲ್ಲಿ ಕೇಳುವ ಕಾಲ ಬಂದಿತು. ಆ ಕನ್ನಡದ ಗುಣಾವಗುಣಗಳ ವಿಚಾರವು ಬೇರೊಂದು ಲೇಖನಕ್ಕೆ ಸೇರಿದುದು.

ಅನ್ಯದೇಶಗಳಲ್ಲಿ ಈ ಪರಿವರ್ತನೆಯು ನಡೆದ ರೀತಿಗೂ ಇಲ್ಲಿ ನಡೆದ ರೀತಿಗೂ ಒಂದು ಮೂಲಭೇದವಿದೆ. ಅಲ್ಲಿ ಬದಲಾದುದು ಮುಖ್ಯವಾಗಿ ಮಾಳಿಗೆಯ ಆಂಟೆನಾಕ್ಕೆ ಬರುವ ಪ್ರಸಾರ. ನೆದರ್ಲೆಂಡ್ಸ್ ೨೦೦೬ರಲ್ಲಿಯೇ ಅದನ್ನು ಮುಗಿಸಿತು. ಅಮೆರಿಕವು ೨೦೦೯ರ ಜೂನ್ ೧೨ರಂದು ಹಳೆಯ ಪ್ರಸಾರವನ್ನು ನಿಲ್ಲಿಸುವ ಮುನ್ನ ಕುಟುಂಬಕ್ಕೆ ಎರಡರಂತೆ ೪೦ ಡಾಲರಿನ ರಿಯಾಯಿತಿ ಚೀಟಿಗಳನ್ನು ಪೆಟ್ಟಿಗೆಗಾಗಿ ಹಂಚಿತು. ಬ್ರಿಟನ್ನಿನಲ್ಲಿ ಸೀಮೆಯಿಂದ ಸೀಮೆಗೆ ಸರದಿಯಾಗಿ ನಡೆದು ೨೦೧೨ರ ಅಕ್ಟೋಬರಿನಲ್ಲಿ ಮುಗಿಯಿತು. ೭೫ ವರ್ಷ ದಾಟಿದವರಿಗೂ ಅಂಗವಿಕಲರಿಗೂ ಮನೆಗೆ ಬಂದು ಪೆಟ್ಟಿಗೆಯನ್ನು ಜೋಡಿಸಿಕೊಡುವ ಏರ್ಪಾಡಿತ್ತು. ಜಪಾನು ೨೦೧೧ರ ಜುಲೈ ೨೪ರಂದು ನಿಲ್ಲಿಸಿದಾಗಲೂ ಭೂಕಂಪದಿಂದ ಜರ್ಜರಿತವಾದ ಮೂರು ಪ್ರಾಂತಗಳಿಗೆ ೨೦೧೨ರ ಮಾರ್ಚ್‌ವರೆಗೆ ಅವಧಿ ಕೊಟ್ಟಿತು. ಭಾರತದಲ್ಲಿ ಶಾಸನವು ದಿನ ಗೊತ್ತುಮಾಡಿದುದು ಖಾಸಗಿಯವರ ತಂತಿಗೆ. ಸಾರ್ವಜನಿಕವಾದ ಆಕಾಶಕ್ಕೆ ಅಂತಹ ಶಾಸನವೇ ಇಲ್ಲ. ತಂತಿಯವನು ಪೆಟ್ಟಿಗೆಯನ್ನು ಕೊಂಡನು. ಕೊಳ್ಳಲಾರದವನು ಆಂಟೆನಾದಲ್ಲಿ ಉಳಿದನು. ಆಂಟೆನಾದವನನ್ನು ಕುರಿತು ಯಾವ ಘಟ್ಟದ ಪ್ರಕಟಣೆಯೂ ಮಾತನಾಡಲಿಲ್ಲ.

ಅವನಿಗೆ ಬದಲಿ ದಾರಿಗಳು ಇರಲಿಲ್ಲವೆಂದಲ್ಲ. ೨೦೦೪ರ ಡಿಸೆಂಬರಿನಲ್ಲಿ ದೂರದರ್ಶನ ಸಂಸ್ಥೆಯೇ ಉಪಗ್ರಹದಿಂದ ನೇರವಾಗಿ ಮನೆಗೆ, ತಿಂಗಳ ಶುಲ್ಕವಿಲ್ಲದ ಪ್ರಸಾರವನ್ನು ತೊಡಗಿತು. ಅದೇ ಮುಂದೆ ಡಿಡಿ ಫ್ರೀ ಡಿಶ್ ಎನಿಸಿಕೊಂಡಿತು. ಚಂದನವಾಹಿನಿಯೂ ಅದರಲ್ಲಿ ದೊರೆಯುವುದು. ೨೦೦೨ರಿಂದ ನಡೆದುಬಂದ, ಪುಸ್ತಕವನ್ನು ಬಹುಮಾನವಾಗಿ ಕೊಡುವ ‘ಥಟ್ ಅಂತ ಹೇಳಿ’ ರಸಪ್ರಶ್ನೆಯನ್ನು ಬಲ್ಲ ಅಧ್ಯಾಪಕರಿಗೆ ಚಂದನದ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಡಿಶ್ಶನ್ನೂ ಪೆಟ್ಟಿಗೆಯನ್ನೂ ಒಮ್ಮೆ ಹಣ ಕೊಟ್ಟು ಕೊಳ್ಳಲೇ ಬೇಕು. ಆಕಾಶದ ದಕ್ಷಿಣಭಾಗವು ತೆರೆದು ಕಾಣುವ ಮಾಳಿಗೆಯೂ ಬೇಕು. ಒತ್ತಾಗಿ ಕಟ್ಟಿದ ವಠಾರದ ಕೆಳಗಿನ ಕೋಣೆಯ ಬಾಡಿಗೆಯವನಿಗೆ ಅದು ಎಟುಕದಿರಬಹುದು. ೨೦೧೬ರ ಫೆಬ್ರವರಿಯಲ್ಲಿ ಬೆಂಗಳೂರೂ ಸೇರಿ ೧೬ ನಗರಗಳಲ್ಲಿ ಗೋಪುರದಿಂದಲೇ ಅಂಕಪದ್ಧತಿಯ ಪ್ರಸಾರವು ಮೊದಲಾಯಿತು. ಇದು ಅನ್ಯದೇಶಗಳ ಮಾದರಿಗೆ ಸಮೀಪವಾದ ಹೆಜ್ಜೆ. ಆದರೆ ಅದನ್ನು ಹಿಡಿಯುವ ಉಪಕರಣವು ಜನರ ಮನೆಯ ಪೆಟ್ಟಿಗೆಗಳಲ್ಲಿ ಅಪರೂಪವಾಗಿತ್ತು. ಅದನ್ನು ಹಂಚುವ ಬ್ರಿಟನ್ನಿನಂತಹ ಏರ್ಪಾಡಾಗಲಿ ಅಮೆರಿಕದಂತಹ ಚೀಟಿಯಾಗಲಿ ಅದರ ಜೊತೆಗೆ ಬರಲಿಲ್ಲ. ಪ್ರಸಾರವು ಇದ್ದೂ ಗ್ರಾಹಕವಿಲ್ಲದ ಸ್ಥಿತಿಯಿದು.

ಕಡೆಗೆ ಹಳೆಯ ಗೋಪುರಗಳ ಸರದಿ. ದೇಶದ ಅನುರೂಪಪದ್ಧತಿಯ ಪ್ರಸಾರಯಂತ್ರಗಳಲ್ಲಿ ಹೆಚ್ಚಿನವನ್ನು ಆ ವೇಳೆಗೆ ನಿಲ್ಲಿಸಿದ್ದ ಪ್ರಸಾರ ಭಾರತಿಯು, ಉಳಿದುವನ್ನು ೨೦೨೧ರ ಅಕ್ಟೋಬರ್ ೩೧, ಡಿಸೆಂಬರ್ ೩೧, ೨೦೨೨ರ ಮಾರ್ಚ್ ೩೧ ಎಂಬ ಮೂರು ದಿನಗಳಲ್ಲಿ ಕ್ರಮವಾಗಿ ೧೫೨, ೧೦೯, ೧೫೧ರಂತೆ ಮುಚ್ಚುವುದಾಗಿ ಪ್ರಕಟಿಸಿತು. ಗಡಿರಕ್ಷಣೆ ಮೊದಲಾದ ದೃಷ್ಟಿಯಿಂದ ಮುಖ್ಯವಾದ ಸ್ಥಳಗಳ ಸುಮಾರು ಐವತ್ತನ್ನು ಮಾತ್ರ ಉಳಿಸಿಕೊಳ್ಳುವ ಉದ್ದೇಶವಿತ್ತು. ವಿದ್ಯುತ್ತಿನ ವೆಚ್ಚವು ಉಳಿಯುವುದೆಂದೂ, ತೆರವಾದ ಅಲೆಯ ಜಾಗವು ಹೊಸ ಉಪಯೋಗಗಳಿಗೆ ಒದಗುವುದೆಂದೂ ಕೊಟ್ಟ ಕಾರಣಗಳು ಅಲ್ಲಗಳೆಯುವಂತಹುವಲ್ಲ. ನೋಡುವವರು ವಿರಳವಾದ ಪ್ರಸಾರಕ್ಕೆ ಗೋಪುರವನ್ನು ಉರಿಸುತ್ತಿರುವುದು ವ್ಯರ್ಥವೆಂಬುದೂ ಸರಿಯೇ.

ಈ ಪ್ರಕಟಣೆಗೆ ಪ್ರತಿಧ್ವನಿಯೆದ್ದುದು ಬೆಂಗಳೂರಿನ ಅಂಚಿನಲ್ಲಿ ಅಲ್ಲ, ಕಲಬುರಗಿಯಲ್ಲಿ. ಕರ್ಣಾಟಕದಲ್ಲಿ ಮೊದಲು ದೂರದರ್ಶನವನ್ನು ಕಂಡ ಆ ಊರಿನ ಕೇಂದ್ರವೇ ಮುಚ್ಚಿಹೋಗುವುದೆಂಬ ವಾರ್ತೆ ೨೦೨೧ರ ಅಕ್ಟೋಬರಿನಲ್ಲಿ ಹರಡಿತು, ಆಕ್ಷೇಪಗಳು ಬಂದುವು. ಅಸ್ಸಾಮಿನ ಸಿಲ್ಚರ್ ಕೇಂದ್ರವನ್ನು ಕುರಿತೂ ಇಂತಹುದೇ ಸುದ್ದಿಯಿತ್ತು. ನಿಲ್ಲುವುದು ಪ್ರಸಾರಯಂತ್ರವೇ ಹೊರತು ಕೇಂದ್ರವಲ್ಲ, ಅಲ್ಲಿ ಕಾರ್ಯಕ್ರಮಗಳ ತಯಾರಿಕೆಯು ಮುಂದುವರಿದು ಅವು ಆಯಾ ರಾಜ್ಯದ ವಾಹಿನಿಯಲ್ಲಿಯೂ ಅಂತರಜಾಲದಲ್ಲಿಯೂ ಬರುವುವು ಎಂದು ಪ್ರಸಾರ ಭಾರತಿಯು ಸ್ಪಷ್ಟಪಡಿಸಿತು. ಕಲಬುರಗಿಯ ಕನ್ನಡ, ಅಂದರೆ ಉರ್ದು ಮರಾಠಿ ತೆಲುಗುಗಳ ನೆರೆಯಲ್ಲಿ ಬೆಳೆದ ಆ ಮಾತಿನ ಧಾಟಿಯು, ೧೯೭೭ರಿಂದ ತನ್ನ ಊರಿನ ಗೋಪುರದಿಂದ ತನ್ನ ಸುತ್ತಿನ ಹಳ್ಳಿಗಳಿಗೆ ನೇರವಾಗಿ ಹೋಗುತ್ತಿತ್ತು. ಹೊಸ ಏರ್ಪಾಡಿನಲ್ಲಿ ಅದು ರಾಜ್ಯಕ್ಕೆಲ್ಲ ಒಂದೇ ಆದ ಚಂದನವಾಹಿನಿಯ ವೇಳಾಪಟ್ಟಿಯಲ್ಲಿ ತನಗೆ ದೊರೆತ ಹೊತ್ತಿಗೆ, ಉಪಗ್ರಹಕ್ಕೆ ಏರಿ ಇಳಿದು ಅದೇ ಹಳ್ಳಿಗಳನ್ನು ಸೇರಬೇಕು. ೧೯೭೫ರಲ್ಲಿ ತಂತಿಬಲೆಯ ಬೋಗುಣಿಯನ್ನು ಆಕಾಶಕ್ಕೆ ತೆರೆದಿಟ್ಟುಕೊಂಡಿದ್ದ ಸೀಮೆಯು ನಾಲ್ವತ್ತಾರು ವರ್ಷಗಳ ಮೇಲೆ ಮತ್ತೆ ಬೋಗುಣಿಯನ್ನೇ ಆಶ್ರಯಿಸಿತು. ಈ ಸಲದ ಬೋಗುಣಿ ಚಿಕ್ಕದು, ಅದರ ಹಣವನ್ನು ತೆತ್ತವನು ಹಳ್ಳಿಗನು.